ಪ್ರಾಕ್ಟಿಕಲ್ಲಲ್ಲಿ 30ಕ್ಕೆ 30, ಬಕೆಟ್ಟಿನ ಮುಂದೆ ಸೊನ್ನೆ!

ಶಿವಮೊಗ್ಗ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಹೋಟೆಲು. ಹೆಸರು ಬೇಡ, ಮಾಲೀಕರು ಒಳ್ಳೆಯವರು. ಹೋದ ತಿಂಗಳು ಒಂದು ಬೆಳಿಗ್ಗೆ ಕಾಫಿ ಕುಡಿಯೋಣ ಅಂತ ಕಾಲಿಟ್ಟರೆ, ಗಿರಾಕಿಗಳೆಲ್ಲ ಮೂಗು ಬಾಯಿ ಮುಚ್ಚಿಕೊಂಡು ಹೊರಗೆ ಓಡಿ ಬರ್ತಿದ್ದರು. ಹಿಂದುಗಡೆ ಪಾಯಿಖಾನೆ ತೊಳೆಯುತ್ತಿದ್ದ ಹುಡುಗ, ಕಲೆ ಬೇಗ ಬಿಡಲಿ ಅಂತ ಬ್ಲೀಚಿಂಗ್ ಪೌಡರ್ ಚೆಲ್ಲಿ ಅದರ ಮೇಲೆ ಆಸಿಡ್ ಸುರಿದಿದ್ದ. ಕಣ್ಣು ಕೆಂಪಾಗಿ, ಕೆಮ್ಮಿ ಕೆಮ್ಮಿ ಅವನೇ ಗೋಡೆಗೆ ಒರಗಿ ಕೂತಿದ್ದ. ಕಿಟಕಿ ಬಾಗಿಲು ತೆರೆದು, ಅವನನ್ನು ಗಾಳಿಗೆ ತಂದು, ಆಸ್ಪತ್ರೆಗೂ ತೋರಿಸಿದ್ದಾಯ್ತು. ಪುಣ್ಯಕ್ಕೆ ಏನೂ ಆಗಲಿಲ್ಲ. ಆದ್ದರಿಂದ ಅದು ಸುದ್ದಿಯೂ ಆಗಲಿಲ್ಲ.

ಮಾರನೆ ದಿನ ಹುಡುಗನನ್ನ ಮಾತಾಡಿಸಿದೆ. ಅವನು ಕ್ಲೀನರ್ ಅಲ್ಲ, ಮಾಲೀಕರ ತಂಗಿ ಮಗ. 2019ರಲ್ಲಿ ಪಿಯುಸಿ ಸೈನ್ಸ್ ಪಾಸು. ಅವತ್ತು ಕ್ಲೀನರ್ ರಜೆ ಹಾಕಿದ್ದನಂತೆ.

‘‘ಅಲ್ಲಪ್ಪಾ, ಅವೆರಡೂ ಸೇರಿದರೆ ಏನು ಬರುತ್ತೆ ಅಂತ ಗೊತ್ತಿತ್ತಾ?’’

‘‘ಗೊತ್ತಣ್ಣಾ. ಕ್ಲೋರಿನ್. ಹಸಿರು ಮಿಶ್ರಿತ ಹಳದಿ ಅನಿಲ, ಗಾಳಿಗಿಂತ ಭಾರ, ಉಸಿರುಗಟ್ಟಿಸುವ ವಾಸನೆ.’’ ಗಡಗಡ ಒಪ್ಪಿಸಿದ. ನನ್ನ ನೋಟ್‌ಬುಕ್ಕಿನಲ್ಲೇ ಸಮೀಕರಣ ಬರೆದು ಬ್ಯಾಲೆನ್ಸೂ ಮಾಡಿ ತೋರಿಸಿದ. ಒಂದಂಕ ಕಳೆಯೋ ಹಾಗಿಲ್ಲ.

‘‘ಮತ್ಯಾಕೋ ಸುರಿದೆ?’’

‘‘ಅದು ಬುಕ್ಕಲ್ಲಿರೋದು ಅಣ್ಣಾ. ಇದು ಅಂಗಡಿಯಿಂದ ತಂದಿದ್ದು.’’

ಪ್ರಾಕ್ಟಿಕಲ್ಲಲ್ಲಿ ಎಷ್ಟು ಬಂದಿತ್ತು ಅಂತ ಕೇಳಿದೆ. 30ಕ್ಕೆ 30.

ಓದುಗರೇ, ನಗಬೇಡಿ. 1915ರ ಏಪ್ರಿಲ್ 22ರಂದು ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನಿಯವರು ಶತ್ರು ಸೈನಿಕರ ಮೇಲೆ ಬಿಟ್ಟ ವಿಷಾನಿಲ ಇದೇ ಕ್ಲೋರಿನ್. ಹದದಲ್ಲಿದ್ದರೆ ಇದೇ ಕ್ಲೋರಿನ್ ನಮ್ಮ ನಲ್ಲಿ ನೀರಿನ ಕ್ರಿಮಿ ಕೊಲ್ಲುತ್ತೆ. ಹದ ತಪ್ಪಿದರೆ ಮನುಷ್ಯರನ್ನೂ ಕೊಲ್ಲುತ್ತೆ. ಇಷ್ಟನ್ನು ಬಾಯಿಪಾಠ ಮಾಡಿದ ಹುಡುಗನಿಗೆ, ಆ ಕ್ಲೋರಿನ್ ತನ್ನ ಕೈಲಿರೋ ಬಕೆಟ್ಟಿಗೂ ಬರಬಹುದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ತಪ್ಪು ಹುಡುಗನದಲ್ಲ. ನಾವು ರಸಾಯನಶಾಸ್ತ್ರ ಕಲಿಸೋ ರೀತಿಯೇ ತಲೆಕೆಳಗಾಗಿದೆ.

ನಾನೂ ಅದೇ ಬೆಂಚಿನವನು

ಇದನ್ನು ಬರೆಯೋಕೆ ನಿನಗೇನಯ್ಯಾ ಯೋಗ್ಯತೆ ಅಂತ ಕೇಳೋರಿದ್ದಾರೆ. ಕೇಳಲಿ. ನಾನು ಪಿಯುಸಿ ಮುಗಿಸದೇ ಬಿಟ್ಟವನು. ಬಿಡಿಸಿದ್ದು ಇದೇ ಕೆಮಿಸ್ಟ್ರಿ.

ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ವಿಜ್ಞಾನದಲ್ಲಿ ಒಳ್ಳೇ ಅಂಕ ತೆಗೆದು ಕಾಲೇಜಿಗೆ ಸೇರಿದೆ. ಯಾವ ಕಾಲೇಜು ಅನ್ನೋದು ಬೇಡ. ಮೊದಲನೇ ವಾರವೇ ‘ಮೋಲ್’ ಅನ್ನೋ ಪಾಠ. ಲೆಕ್ಚರರು ಬಂದರು, ಇಂಗ್ಲಿಷಿನಲ್ಲಿ ಡೆಫಿನಿಷನ್ ಬರೆಸಿದರು, ಆರರ ಮುಂದೆ ಇಪ್ಪತ್ಮೂರು ಸೊನ್ನೆಯಷ್ಟು ದೊಡ್ಡದೊಂದು ಸಂಖ್ಯೆ ಬೋರ್ಡಿಗೆ ಹಾಕಿದರು, ಲೆಕ್ಕ ಶುರು ಮಾಡಿದರು. ನಾನು ಎದ್ದು ನಿಂತು, ‘‘ಸಾರ್, ಈ ಮೋಲ್ ಅಂದ್ರೆ ಕಣ್ಣಿಗೆ ಹೇಗಿರುತ್ತೆ?’’ ಅಂತ ಕನ್ನಡದಲ್ಲಿ ಕೇಳಿದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಲೆಕ್ಚರರೂ ನಕ್ಕು, ‘‘ಕಂಡಾಗ ನಿನಗೂ ತೋರಿಸ್ತೀನಿ, ಕೂತ್ಕೋ’’ ಅಂದರು. ಕೂತೆ. ಆ ವರ್ಷ ಮತ್ತೆ ಏಳಲಿಲ್ಲ.

ಲ್ಯಾಬಿನ ಕಥೆ ಇನ್ನೂ ಚೆನ್ನ. ಬೀಗದ ಕೈ ಅಟೆಂಡರ್ ಹತ್ತಿರ. ಬಾಗಿಲು ತೆಗೀತಿದ್ದದ್ದು ಪರೀಕ್ಷೆ ಹತ್ತಿರ ಬಂದಾಗ. ಪುಡಿಯನ್ನು ಪರೀಕ್ಷೆ ಮಾಡಿ ಯಾವ ಲವಣ ಅಂತ ಕಂಡುಹಿಡಿಯೋದು ಪ್ರಾಕ್ಟಿಕಲ್ಲು. ಆದರೆ ಯಾರಿಗೆ ಯಾವ ಲವಣ ಅನ್ನೋದು ಒಂದು ಟೀ ಬನ್ನಿನ ಲೆಕ್ಕಕ್ಕೆ ಮೊದಲೇ ಗೊತ್ತಾಗೋದು. ಉತ್ತರ ಮೊದಲು, ಪ್ರಯೋಗ ಆಮೇಲೆ. ಬಣ್ಣ ಬರದಿದ್ದರೂ ‘ಬಂತು’ ಅಂತ ಬರೆಯೋದನ್ನ ನಾನು ಕಲಿತದ್ದು ಅಲ್ಲೇ. ಸುಳ್ಳು ಬರೆಯೋ ಮೊದಲ ತರಬೇತಿ ನನಗೆ ಸಿಕ್ಕಿದ್ದು ಪತ್ರಿಕೆಯಲ್ಲಲ್ಲ ಸ್ವಾಮೀ, ಕೆಮಿಸ್ಟ್ರಿ ಲ್ಯಾಬಿನಲ್ಲಿ!

ಎರಡನೇ ವರ್ಷದ ಅರ್ಧಕ್ಕೆ ಕಾಲೇಜು ಬಿಟ್ಟೆ. ಒಂದು ಹಾರ್ಡ್‌ವೇರ್ ಅಂಗಡಿಗೆ ಸೇರಿದೆ. ಒಂದು ದಿನ ಬಡಗಿಯೊಬ್ಬರು ಬಂದು ಐನೂರು ಮೊಳೆ ಬೇಕು ಅಂದರು. ನಾನು ಎಣಿಸೋಕೆ ಕೂತೆ. ಸಾಹುಕಾರ್ರು ಬೈದರು: ‘‘ಎಣಿಸ್ತಾ ಕೂತ್ರೆ ಸಂಜೆ ಆಗುತ್ತೆ ಕಣೋ. ಹತ್ತು ಮೊಳೆ ತೂಗು. ಐನೂರಕ್ಕೆ ಎಷ್ಟಾಯ್ತೋ ಅಷ್ಟು ತೂಗಿ ಕೊಡು.’’

ತಕ್ಕಡಿ ಮುಂದೆ ನಿಂತವನಿಗೆ ಮೈ ಜುಂ ಅಂತು. ಮೋಲ್ ಅಂದ್ರೆ ಇಷ್ಟೇ! ಎಣಿಸೋಕಾಗದಷ್ಟು ಸಣ್ಣ ವಸ್ತುವನ್ನು ತೂಗಿ ಎಣಿಸೋದು. ಒಂದು ಬೋಲ್ಟು ಒಂದು ವಾಷರಿನ ಹನ್ನೆರಡರಷ್ಟು ಭಾರ ಇದ್ದರೆ, 12 ಕಿಲೋ ಬೋಲ್ಟಿನಲ್ಲಿ ಎಷ್ಟು ಬೋಲ್ಟಿದೆಯೋ 1 ಕಿಲೋ ವಾಷರಿನಲ್ಲೂ ಅಷ್ಟೇ ವಾಷರ್ ಇರುತ್ತೆ. ಇಂಗಾಲದ ಒಂದು ಪರಮಾಣು ಜಲಜನಕದ ಒಂದು ಪರಮಾಣುವಿನ ಹೆಚ್ಚುಕಡಿಮೆ ಹನ್ನೆರಡರಷ್ಟು ಭಾರ. ಆದ್ದರಿಂದ 12 ಗ್ರಾಂ ಇಂಗಾಲ, 1 ಗ್ರಾಂ ಜಲಜನಕ, ಎರಡರಲ್ಲೂ ಪರಮಾಣು ಸರಿಸಮ. ಆ ಎಣಿಕೆಗೆ ಇಟ್ಟ ಹೆಸರು ಮೋಲ್. ನೀರಿನದಾದರೆ 18 ಗ್ರಾಂ, ಅಂದರೆ ಮೂರೂವರೆ ಟೀ ಚಮಚ ನೀರು. ಕಣ್ಣಿಗೆ ಹೇಗಿರುತ್ತೆ ಅಂತ ಕೇಳಿದ್ದೆನಲ್ಲ, ಹಾಗಿರುತ್ತೆ! ಮೂರೂವರೆ ಚಮಚ ನೀರನ್ನು ಒಂದು ಲೋಟದಲ್ಲಿ ತಂದು ಅವತ್ತು ಮೇಜಿನ ಮೇಲಿಟ್ಟಿದ್ದರೆ ನನ್ನ ಬದುಕಿನ ದಾರಿ ಬೇರೆಯಾಗುತ್ತಿತ್ತೇನೋ.

ಗಾಂಧಿ ಬಜಾರೇ ಲ್ಯಾಬು

ಲ್ಯಾಬಿಗೆ ಸಾಮಾನಿಲ್ಲ, ಅನುದಾನವಿಲ್ಲ ಅನ್ನೋರಿಗೆ ಒಂದು ಮಾತು. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಗೆ ಹೋಗಿ ನಿಂತುಕೊಳ್ಳಿ. ಅನ್ನಭೇದಿ ಅಂತ ಕೊಡ್ತಾರೆ, ಅದು ಕಬ್ಬಿಣದ ಸಲ್ಫೇಟು. ಮೈಲುತುತ್ತ ತಾಮ್ರದ ಸಲ್ಫೇಟು. ನವಸಾಗರ ಅಮೋನಿಯಂ ಕ್ಲೋರೈಡು. ಬಿಳಿಗಾರ ಬೋರಾಕ್ಸು. ಪಟಿಕ, ಗಂಧಕ ಹೇಳೋದೇ ಬೇಡ. ಪುಸ್ತಕದ ಅರ್ಧ ಹೆಸರು ನಮ್ಮ ಶೆಟ್ಟರ ಡಬ್ಬಿಗಳಲ್ಲಿ ಕನ್ನಡದಲ್ಲೇ ಕೂತಿವೆ. ಮಕ್ಕಳಿಗೆ ಮಾತ್ರ ಅವು ಬೇರೆ, ಇವು ಬೇರೆ.

ಮನೆ ಒಳಗೆ ಬನ್ನಿ. ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪು ಓಕುಳಿ. ಮಕ್ಕಳಿಗೆ ಆರತಿ ಎತ್ತೋ ಪ್ರತಿ ತಾಯಿಗೂ ಗೊತ್ತು. ಅದಕ್ಕೆ ನಿಂಬೆಹುಳಿ ಹಿಂಡಿ, ತಿರುಗಿ ಹಳದಿ! ಇದೇ ಆಮ್ಲ, ಪ್ರತ್ಯಾಮ್ಲ, ಸೂಚಕ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದ್ದು ಅರಳುತ್ತೆ. ಬೆಂಕಿ ಇಲ್ಲದೇ ಬಿಸಿ ಎಲ್ಲಿಂದ ಬಂತು? ಆ ಸುಣ್ಣದ ತಿಳಿಯನ್ನು ಲೋಟಕ್ಕೆ ಬಸಿದು, ಕೊಳವೆಯಲ್ಲಿ ಮೆಲ್ಲಗೆ ಉಸಿರು ಊದಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತೆ. ನಮ್ಮ ಉಸಿರಿನಲ್ಲಿರೋ ಇಂಗಾಲದ ಡೈ ಆಕ್ಸೈಡು ಸುಣ್ಣವನ್ನು ತಿರುಗಿ ಸುಣ್ಣದ ಕಲ್ಲಿನ ಪುಡಿ ಮಾಡಿತು. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗೋದೂ ಹೀಗೇ. ಮೇಷ್ಟ್ರು ಪಕ್ಕದಲ್ಲೇ ನಿಂತು ಮಾಡಿಸಬೇಕು, ಸುಣ್ಣದ ನೀರು ಕಣ್ಣಿಗೆ ಹಾರಬಾರದು, ಬಾಯಿಗೆ ಎಳೆದುಕೊಳ್ಳಬಾರದು. ಖರ್ಚು ಎಷ್ಟಾಯ್ತು? ಒಂದು ಎಲೆ ಅಡಿಕೆ ಕಟ್ಟಿನಷ್ಟು.

ಭದ್ರಾವತಿ ಬಸ್ಸಿನಲ್ಲಿ ನಡೆದದ್ದನ್ನೂ ಹೇಳಿಬಿಡ್ತೀನಿ. ಪಕ್ಕದ ಸೀಟಿನಲ್ಲಿ ಹತ್ತನೇ ಕ್ಲಾಸಿನ ಹುಡುಗಿ ಕಣ್ಣು ಮುಚ್ಚಿ ಉರು ಹೊಡೀತಿದ್ದಳು: ‘‘ಲೋಹದ ಆಕ್ಸೈಡನ್ನು ಇಂಗಾಲದೊಂದಿಗೆ ಕಾಯಿಸಿದಾಗ ಲೋಹವಾಗಿ ಅಪಕರ್ಷಣಗೊಳ್ಳುತ್ತದೆ...’’

‘‘ಅದನ್ನ ನಿಮ್ಮೂರಲ್ಲೇ ಮಾಡ್ತಿದ್ರಲ್ಲಮ್ಮಾ, ಗೊತ್ತಾ?’’ ಅಂದೆ. ಕಣ್ಣು ಬಿಟ್ಟಳು. 1923ರಲ್ಲಿ ಭದ್ರಾವತಿ ಕಾರ್ಖಾನೆಯಲ್ಲಿ ಕಬ್ಬಿಣ ಇಳಿಸಿದ್ದು ಮಲೆನಾಡಿನ ಕಾಡಿನ ಮರ ಸುಟ್ಟ ಇದ್ದಿಲಿನಿಂದ. ಇದ್ದಿಲೇ ಇಂಗಾಲ. ಅದಿರು ಬರ್ತಿದ್ದದ್ದು ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕೆಮ್ಮಣ್ಣುಗುಂಡಿಯಿಂದ. ಹೆಸರಿನಲ್ಲೇ ಕೆಂಪು ಮಣ್ಣಿದೆ. ಆ ಕೆಂಪೇ ಕಬ್ಬಿಣದ ಆಕ್ಸೈಡು. ಮಣ್ಣಿನಿಂದ ಆಮ್ಲಜನಕವನ್ನು ಇದ್ದಿಲು ಕಿತ್ತುಕೊಂಡಿತು, ಕಬ್ಬಿಣ ಉಳಿಯಿತು. ಇದನ್ನೆಲ್ಲ ಹೇಳಿದೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘‘ನಮ್ಮಜ್ಜ ಕುಲುಮೆ ಹತ್ರಾನೇ ಕೆಲಸ ಮಾಡಿದ್ದು ಅಂಕಲ್. ಅದೂ ಇದೂ ಒಂದೇ ಅಂತ ಗೊತ್ತಿರ್ಲಿಲ್ಲ’’ ಅಂದಳು. ಆ ಕಾರ್ಖಾನೆಯ ಇವತ್ತಿನ ಪಾಡು ಬೇರೆ ಅಂಕಣಕ್ಕಿರಲಿ. ಆದರೆ ಅಜ್ಜ ಬೆವರು ಸುರಿಸಿ ಮಾಡಿದ್ದನ್ನ ಮೊಮ್ಮಗಳು ಅರ್ಥವಾಗದೇ ಬಾಯಿಪಾಠ ಮಾಡೋದು, ಇದಕ್ಕಿಂತ ದೊಡ್ಡ ನಷ್ಟ ಇನ್ನೇನಿದೆ?

ಕೈಚೀಲದ ಮೇಷ್ಟ್ರು

ಎಲ್ಲ ಕಡೆ ಹೀಗೇ ಅಂದರೆ ಪಾಪ ಸುತ್ತಿಕೊಳ್ಳುತ್ತೆ. ತೀರ್ಥಹಳ್ಳಿ ರಸ್ತೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟ್ರಿದ್ದಾರೆ. ‘‘ಹೆಸರು ಬರೀಬೇಡಿ ಮಾರಾಯ್ರೇ, ಆಮೇಲೆ ಇನ್‌ಸ್ಪೆಕ್ಷನ್ನಿಗೆ ಬರ್ತಾರೆ’’ ಅಂದಿದ್ದಾರೆ. ಬಟ್ಟೆ ಕೈಚೀಲ ಹಿಡಿದು ಕ್ಲಾಸಿಗೆ ಹೋಗ್ತಾರೆ. ನಾನೂ ಹಿಂದಿನ ಬೆಂಚಿನಲ್ಲಿ ಕೂತೆ.

ಬಂದವರೇ ಗಾಜಿನ ಲೋಟದಲ್ಲಿ ಮೈಲುತುತ್ತದ ನೀಲಿ ನೀರು ಮಾಡಿ, ಮರಳು ಕಾಗದದಲ್ಲಿ ತಿಕ್ಕಿದ ಕಬ್ಬಿಣದ ಮೊಳೆ ಇಳಿಬಿಟ್ಟರು. ಏನೂ ಹೇಳಲಿಲ್ಲ. ‘‘ಯಾರ ಮನೇಲಿ ಅಡಿಕೆಗೆ ಕೊಳೆ ಔಷಧಿ ಹೊಡೀತೀರಿ?’’ ಅಂದರು. ತೋಟದ ಮನೆ ಹುಡುಗರ ಕೈ ಎದ್ದವು. ‘‘ಔಷಧಿ ಹದ ಆಯ್ತು ಅಂತ ಹೇಗೆ ಗೊತ್ತಾಗುತ್ತೆ?’’ ಕೈಗಳೆಲ್ಲ ಇಳಿದವು. ಕೊನೇ ಬೆಂಚಿನಿಂದ ಒಂದು ಹುಡುಗಿ ಮೆಲ್ಲಗೆ ಎದ್ದಳು. ಅವಳಪ್ಪ ಕೊನೆಗಾರ, ಮರ ಹತ್ತಿ ಔಷಧಿ ಹೊಡೆಯುವವನು.

‘‘ಕತ್ತಿ ಮೊನೆ ಅದ್ದಿ ನೋಡ್ತಾರೆ ಸಾರ್. ಕೆಂಪಗಾದ್ರೆ ಇನ್ನೊಂಚೂರು ಸುಣ್ಣ ಹಾಕ್ತಾರೆ.’’

‘‘ಶಭಾಷ್! ಕೆಂಪಗಾಗೋದು ಏನದು?’’

‘‘ಗೊತ್ತಿಲ್ಲ ಸಾರ್.’’

ಮೇಷ್ಟ್ರು ಲೋಟದಿಂದ ಮೊಳೆ ಎತ್ತಿದರು. ತಾಮ್ರದ ತಂಬಿಗೆಯ ಬಣ್ಣ! ‘‘ಈ ತಾಮ್ರ ಮೊಳೆಯೊಳಗಿತ್ತೋ, ನೀರೊಳಗಿತ್ತೋ?’’ ಕ್ಲಾಸು ಎರಡು ಪಕ್ಷವಾಗಿ ಜಗಳಕ್ಕೇ ಬಿತ್ತು. ಐದು ನಿಮಿಷ ಬಿಟ್ಟರು. ಆಮೇಲೆ ಆ ಕೊನೆಗಾರನ ಮಗಳ ಕೈಗೇ ಸೀಮೆಸುಣ್ಣ ಕೊಟ್ಟು, ಕಬ್ಬಿಣ ನೀರಿಗಿಳಿದು ತಾಮ್ರವನ್ನು ಹೊರಗೆ ದಬ್ಬಿದ ಸಮೀಕರಣ ಬರೆಸಿದರು. ಪಾಠ ಮುಗಿಯೋ ಹೊತ್ತಿಗೆ ನೀರಿನ ನೀಲಿಯೂ ತೆಳ್ಳಗಾಗಿತ್ತು. ‘‘ಮೈಲುತುತ್ತ ವಿಷ, ಎಲ್ಲರೂ ಕೈ ತೊಳೀರಿ’’ ಅಂತ ನಲ್ಲಿಗೆ ಅಟ್ಟಿದರು.

ಇನ್ನೂ ಒಂದು ಹೇಳಿದರು. ಫ್ರಾನ್ಸಿನ ಬೋರ್ಡೋದಲ್ಲಿ 1880ರ ದಶಕದಲ್ಲಿ ದ್ರಾಕ್ಷಿ ತೋಟಕ್ಕೆ ಅಂತ ಶುರುವಾದ ಔಷಧಿ ಇದು. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ ಮಲೆನಾಡಿನ ಅಡಿಕೆಗೆ ಅದನ್ನು ತಂದರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಈ ಜಿಲ್ಲೆಯ ಅರ್ಧ ವ್ಯಾಪಾರ ಅಡಿಕೆ ಮೇಲೆ ನಿಂತಿದೆ. ಆ ಅಡಿಕೆ ಮಳೆಗಾಲ ದಾಟೋದು ಈ ಕೆಮಿಸ್ಟ್ರಿಯಿಂದ.

ಮೇಷ್ಟ್ರ ಸೂತ್ರ ಇಷ್ಟೇ: ‘‘ಮೊದಲು ವಸ್ತು ತೋರಿಸು. ಆಮೇಲೆ ಹೆಸರು ಹೇಳು. ಕೊನೇಗೆ ಸಮೀಕರಣ ಬರಿ.’’ ನಮ್ಮ ಕಾಲೇಜುಗಳಲ್ಲಿ ಇದು ಉಲ್ಟಾ. ಸಮೀಕರಣ ಮೊದಲು, ಹೆಸರು ಆಮೇಲೆ, ವಸ್ತು ಹೋಟೆಲಿನ ಪಾಯಿಖಾನೆಯಲ್ಲಿ!

ಒಂದು ಮೇಣದ ಬತ್ತಿ, ಆರು ಭಾಷಣ

ಇದು ಹಳ್ಳಿ ಮೇಷ್ಟ್ರ ಹುಚ್ಚು ಅಂತ ಮೂಗು ಮುರಿಯೋರಿಗೆ ಲಂಡನ್ನಿನ ಮಾತು ಹೇಳ್ತೀನಿ. ಮೈಕೇಲ್ ಫ್ಯಾರಡೆ ಕಮ್ಮಾರನ ಮಗ. ಹದಿನಾಲ್ಕನೇ ವಯಸ್ಸಿಗೆ ಬುಕ್ ಬೈಂಡಿಂಗ್ ಅಂಗಡಿಗೆ ಸೇರಿದ ಹುಡುಗ, ಕಟ್ಟೋಕೆ ಬಂದ ಪುಸ್ತಕಗಳನ್ನೇ ಓದಿ ಬೆಳೆದ. ಮುಂದೆ ದೊಡ್ಡ ವಿಜ್ಞಾನಿಯಾದ ಮೇಲೂ ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು, 1860ರ ಕೊನೆಗೆ ಒಂದು ಮೇಣದ ಬತ್ತಿ ಹಚ್ಚಿಟ್ಟು, ಅದೊಂದನ್ನೇ ಹಿಡಿದು ಆರು ಭಾಷಣ ಮಾಡಿದರು. ಉರಿಗೆ ತಣ್ಣನೆ ಚಮಚ ಹಿಡಿದರೆ ಮಸಿ ಬರುತ್ತೆ, ಅದು ಇಂಗಾಲ. ಮೇಲೆ ತಣ್ಣನೆ ಲೋಟ ಹಿಡಿದರೆ ಒಳಗೆ ಹನಿಗಟ್ಟುತ್ತೆ, ಅದು ನೀರು. ಬೆಂಕಿಯಿಂದ ನೀರು! ಮಕ್ಕಳು ಬಾಯಿ ಬಿಡದೇ ಇರ್ತಾರಾ? ಕರೆಂಟ್ ಹೋದಾಗ ನಮ್ಮ ಅಂಗಡಿ ಗಲ್ಲಾದ ಮೇಲೆ ಉರಿಯೋದೂ ಅದೇ ಬತ್ತಿ.

ಅಂಗಡಿಯವರಿಗೆ ಇನ್ನೊಂದು ಕಥೆ. ರಷ್ಯಾದ ಮೆಂಡಲೀವ್ ಅನ್ನೋರು 1869ರಲ್ಲಿ ಆಗ ಗೊತ್ತಿದ್ದ ಧಾತುಗಳನ್ನೆಲ್ಲ ರ್‍ಯಾಕಿನಲ್ಲಿ ಸಾಮಾನು ಜೋಡಿಸಿದ ಹಾಗೆ ಜೋಡಿಸಿದರು. ಕೆಲವು ಖಾನೆ ಖಾಲಿ ಉಳಿದವು. ಜಾಣತನ ಅಂದ್ರೆ, ಖಾಲಿ ಖಾನೆಗೆ ಚೀಟಿ ಅಂಟಿಸಿದರು: ಇಲ್ಲಿಗೆ ಬರೋ ಮಾಲು ಇಂಥಾದ್ದು, ಇಷ್ಟು ತೂಕ. 1875ರಲ್ಲಿ ಫ್ರಾನ್ಸಿನವರೊಬ್ಬರು ಗ್ಯಾಲಿಯಂ ಕಂಡುಹಿಡಿದು ಸಾಂದ್ರತೆ 4.7 ಅಂದರು. ಮೆಂಡಲೀವ್ ಆ ಮಾಲನ್ನು ಕಣ್ಣಲ್ಲೂ ನೋಡದೇ, ನಿಮ್ಮ ತೂಕ ತಪ್ಪು, ಇನ್ನೊಂದು ಸಲ ನೋಡಿ ಅಂತ ಬರೆದರು. ಶುದ್ಧ ಮಾಡಿ ತೂಗಿದರೆ 5.9! ಈ ಕಥೆ ಹೇಳದೇ ಆ ಕೋಷ್ಟಕವನ್ನು ಬಾಯಿಪಾಠ ಮಾಡಿಸೋದು, ಊಟ ಕೊಡದೇ ಮೆನು ಓದಿಸಿದ ಹಾಗೆ.

ಲೆಕ್ಚರರ ಮಾತೂ ಕೇಳಿ

ಕಾಲೇಜಿನವರು ಏನಂತಾರೆ? ಒಬ್ಬ ಲೆಕ್ಚರರನ್ನು ಕೇಳಿದೆ. ‘‘ನೀವು ಬರೆಯೋದು ಸುಲಭ ಕಣ್ರೀ. ಸಿಲಬಸ್ ಮುಗಿಸಬೇಕು. ಸಿಇಟಿಯಲ್ಲಿ ಕೆಮಿಸ್ಟ್ರಿಗೆ 80 ನಿಮಿಷದಲ್ಲಿ 60 ಪ್ರಶ್ನೆ. ನೀಟ್‌ನಲ್ಲಿ 45 ಪ್ರಶ್ನೆ. ಅಲ್ಲಿ ಯಾರೂ ಅರಿಶಿನ ಸುಣ್ಣ ಕೇಳಲ್ಲ. ಅಂಕ ಕಮ್ಮಿ ಬಂದ್ರೆ ಮೊದಲು ಬಂದು ಬೈಯೋರೇ ಅಪ್ಪ ಅಮ್ಮ.’’

ಮಾತು ಸುಳ್ಳಲ್ಲ. ಅತಿಥಿ ಉಪನ್ಯಾಸಕರ ಪಾಡು ನಮಗೆ ಗೊತ್ತಿಲ್ಲದ್ದೇನಲ್ಲ. ಮುಂದಿನ ತಿಂಗಳ ಸಂಬಳದ ಚಿಂತೆಯಲ್ಲಿರೋರ ಹತ್ತಿರ ಹೊಸ ಪ್ರಯೋಗ ಮಾಡಿ ಅನ್ನೋದು ಕಷ್ಟವೇ. ಆದರೆ ನಾನು ಕೇಳ್ತಿರೋದು ಗಂಟೆಗಟ್ಟಲೆ ಅಲ್ಲ. ಪಾಠದ ಮೊದಲ ಐದು ನಿಮಿಷ. ಒಂದು ವಸ್ತು, ಒಂದು ಪ್ರಶ್ನೆ. ಅರ್ಥವಾದದ್ದು ಪರೀಕ್ಷೆಯಲ್ಲೂ ನೆನಪಿರುತ್ತೆ. ಅರ್ಥವಾಗದೇ ಉರು ಹೊಡೆದದ್ದು ಹಾಲ್‌ಟಿಕೆಟ್ ಜೊತೆಗೇ ಹೋಗುತ್ತೆ. ಕನ್ನಡದಲ್ಲಿ ಓದಿ ಬಂದ ಮಕ್ಕಳಿಗೆ ಮೊದಲ ಮೂರು ತಿಂಗಳಾದರೂ ಕನ್ನಡದಲ್ಲಿ ಬಿಡಿಸಿ ಹೇಳಿ, ಆಮೇಲೆ ಇಂಗ್ಲಿಷ್ ಹೆಸರು ಕೊಡಿ. ಮತ್ತೆ ಆ ಲ್ಯಾಬಿನ ಬೀಗ, ದಯವಿಟ್ಟು ಜೂನ್‌ನಲ್ಲೇ ತೆಗೀರಿ. ಬಣ್ಣ ಬರದಿದ್ದರೆ ‘ಬರಲಿಲ್ಲ’ ಅಂತ ಬರೆದ ಹುಡುಗನಿಗೂ ಅಂಕ ಕೊಡಿ. ಯಾಕೆ ಬರಲಿಲ್ಲ ಅಂತ ಯೋಚಿಸಿದವನೇ ನಿಜವಾದ ಕೆಮಿಸ್ಟ್ರಿ ಓದಿದವನು.

ಅಂಗಡಿಯವರಿಗೂ ಕೆಲಸ ಇದೆ. ಆಸಿಡ್ ಬಾಟ್ಲಿ, ಬ್ಲೀಚಿಂಗ್ ಪೌಡರ್ ಒಂದೇ ಚೀಲಕ್ಕೆ ಹಾಕಿ ಕೊಡುವಾಗ ‘‘ಎರಡನ್ನೂ ಬೆರೆಸಬೇಡಿ, ವಿಷದ ಗಾಳಿ ಬರುತ್ತೆ’’ ಅಂತ ಒಂದು ಮಾತು ಹೇಳಿ. ಪಕ್ಕದ ಸ್ಕೂಲಿನ ಮೇಷ್ಟ್ರು ಕೇಳಿದರೆ ಒಂದು ಚಿಟಿಕೆ ಪಟಿಕ, ನಾಲ್ಕು ಮೊಳೆ ಕೊಡೋದಕ್ಕೆ ಲೆಕ್ಕ ಹಾಕಬೇಡಿ. ಅಪ್ಪ ಅಮ್ಮಂದಿರೇ, ಸಂಜೆ ಮಕ್ಕಳು ಬಂದಾಗ ‘‘ಎಷ್ಟು ಅಂಕ?’’ ಅನ್ನೋ ಬದಲು ‘‘ಇವತ್ತು ಕ್ಲಾಸಲ್ಲಿ ಏನು ನೋಡ್ದೆ?’’ ಅಂತ ಕೇಳಿ. ಒಂದು ವಾರ ಪೂರ್ತಿ ‘‘ಏನೂ ತೋರಿಸಲಿಲ್ಲ’’ ಅಂದರೆ, ಎಂಟನೇ ದಿನ ಕಾಲೇಜಿಗೆ ಹೋಗಿ ಮರ್ಯಾದೆಯಿಂದ ವಿಚಾರಿಸಿ. ಫೀಸು ಕಟ್ಟಿದವರು ನೀವು.

ಮೊನ್ನೆ ಅದೇ ಹೋಟೆಲಿಗೆ ಹೋಗಿದ್ದೆ. ಹಿಂದುಗಡೆ ಬಾಗಿಲಿಗೆ ಒಂದು ರಟ್ಟು ನೇತು ಹಾಕಿದ್ದಾರೆ: ‘ಆಸಿಡ್, ಬ್ಲೀಚಿಂಗ್ ಪೌಡರ್ ಎರಡನ್ನೂ ಸೇರಿಸಬಾರದು.’ ಕೆಳಗೆ ಆ ಹುಡುಗ ತನ್ನ ಕೈಬರಹದಲ್ಲಿ ಸಮೀಕರಣವನ್ನೂ ಬರೆದಿದ್ದಾನೆ. ಈಗ ಅವನಿಗೆ ಅದರ ಅರ್ಥ ಗೊತ್ತು. ಆದರೆ ಅದನ್ನು ಕಲಿಸೋಕೆ ಅವನ ಕಣ್ಣೂ ಗಂಟಲೂ ಉರಿಯಬೇಕಾಯ್ತಲ್ಲ! ಕಾಲೇಜಿನಲ್ಲಿ ಒಬ್ಬರು ಐದು ನಿಮಿಷ ನಿಂತು ಹೇಳಿದ್ದರೆ ಸಾಕಿತ್ತು.